ಮುಟ್ಟಿನ ಕಪ್‌ಗೆ ನಾಲ್ಕು ಸ್ಟಾರ್, ನಮ್ಮ ಬಚ್ಚಲಿಗೆ ಎಷ್ಟು?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪ್ಯಾಡಿನ ಬದಲು ಬಳಸುವ ಈ ಮುಟ್ಟಿನ ಕಪ್ ಒಳ್ಳೆಯ ವಸ್ತು. ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದು ಸ್ಟಾರ್ ಯಾಕೆ ಇಟ್ಟುಕೊಂಡೆ ಅಂತ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಯಾಕಂದ್ರೆ ಅದರ ಕಾರಣ ಕಪ್ಪಿನೊಳಗೆ ಇಲ್ಲ. ಹಾಸ್ಟೆಲ್ಲಿನ ಬಚ್ಚಲಲ್ಲಿದೆ, ಅಡುಗೆಮನೆಯಲ್ಲಿದೆ, ನಮ್ಮೂರಲ್ಲಿದೆ.

ನಾನು ದಾವಣಗೆರೆಯಲ್ಲಿ ಎಂ.ಎ. ಓದುತ್ತಿದ್ದೇನೆ. ಊರು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ನಮ್ಮದೊಂದು ಮಹಿಳಾ ಅಧ್ಯಯನದ ಗುಂಪಿದೆ. ಶನಿವಾರ ಮಧ್ಯಾಹ್ನ ಖಾಲಿ ಕ್ಲಾಸ್‌ರೂಮ್ ಹಿಡಿದು ಕೂರುತ್ತೇವೆ. ಆಸ್ತಿ ಹಕ್ಕು, ವರದಕ್ಷಿಣೆ, ಮನೆಗೆಲಸದ ಲೆಕ್ಕ ಅಂತ ಏನಾದರೂ ಓದಿ ಜಗಳ ಆಡುತ್ತೇವೆ. ಒಂದು ಶನಿವಾರ ಸೀನಿಯರ್ ಒಬ್ಬಳು, "ಸಿದ್ಧಾಂತ ಸಾಕು, ಒಂದು ವಸ್ತು ತಗೊಂಡು ನೋಡೋಣ ಕಣ್ರೇ" ಅಂದಳು. ಅವಳೇ ಬ್ಯಾಗಿನಿಂದ ಒಂದು ಪುಟ್ಟ ಬಟ್ಟೆ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಗುಂಪಿನಲ್ಲಿ ಇಬ್ಬರು ಹುಡುಗರೂ ಇದ್ದಾರೆ. ಪಾಪ, ಅವರು ಎಲ್ಲಿ ನೋಡೋದು ಅಂತ ಗೊತ್ತಾಗದೆ ಕಿಟಕಿ ನೋಡುತ್ತಿದ್ದರು. ಆಮೇಲೆ ಬೆಲೆ ಲೆಕ್ಕ ಹಾಕೋ ಕೆಲಸವನ್ನು ಅವರಿಗೇ ಕೊಟ್ಟೆವು. ಚೆನ್ನಾಗಿಯೇ ಮಾಡಿದರು.

ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ನಾವೆಲ್ಲ ಬೇರೆ ಬೇರೆ ಕಂಪನಿಯದು ತರಿಸಿಕೊಂಡಿದ್ದೆವು. ಮುನ್ನೂರರಿಂದ ಐನೂರು ರೂಪಾಯಿ ಒಳಗೆ ಸಿಗುವ ಕಪ್‌ಗಳಲ್ಲಿ ದೊಡ್ಡ ವ್ಯತ್ಯಾಸ ಏನೂ ಕಾಣಲಿಲ್ಲ. ಒಂದು ಸ್ವಲ್ಪ ಗಟ್ಟಿ, ಇನ್ನೊಂದು ಮೆದು. ಬಣ್ಣ ಮಾತ್ರ ಎಲ್ಲರದ್ದೂ ಗುಲಾಬಿ ಅಥವಾ ನೇರಳೆ. ಹೆಂಗಸರ ವಸ್ತು ಅಂದ ಕೂಡಲೇ ಈ ಕಂಪನಿಗಳಿಗೆ ಬೇರೆ ಬಣ್ಣ ಹೊಳೆಯೋದೇ ಇಲ್ಲ ಅನಿಸುತ್ತೆ.

ನೋಡದವರಿಗೆ ಹೇಳುತ್ತೇನೆ. ಸಣ್ಣ ಗಂಟೆಯನ್ನು ತಲೆಕೆಳಗು ಹಿಡಿದ ಹಾಗಿರುತ್ತೆ. ವೈದ್ಯಕೀಯ ದರ್ಜೆಯ ಸಿಲಿಕೋನ್. ಬಾಯಿಯ ಅಂಚಿನ ಕೆಳಗೆ ಸೂಜಿ ಮೊನೆಯಷ್ಟು ತೂತುಗಳು, ತಳದಲ್ಲಿ ಒಂದು ಚಿಕ್ಕ ಕಡ್ಡಿ. ಮಡಚಿ ಒಳಗೆ ಸೇರಿಸಬೇಕು. ಒಳಗೆ ಹೋದ ಮೇಲೆ ಅದು ಬಿಚ್ಚಿಕೊಂಡು ಯೋನಿಯ ಗೋಡೆಗೆ ಕಚ್ಚಿ ಕೂರುತ್ತೆ. ಪ್ಯಾಡ್ ರಕ್ತವನ್ನು ಹೀರುತ್ತೆ, ಇದು ಹಿಡಿದಿಟ್ಟುಕೊಳ್ಳುತ್ತೆ, ಅಷ್ಟೇ. ಸಾಮಾನ್ಯವಾಗಿ 20ರಿಂದ 30 ಮಿಲಿ ಹಿಡಿಯುತ್ತೆ. ಹೆಚ್ಚೆಂದರೆ 12 ಗಂಟೆ ಇಡಬಹುದು. ಅದಕ್ಕಿಂತ ಜಾಸ್ತಿ ಬೇಡ. ತೆಗೆಯುವಾಗ ಕಡ್ಡಿ ಹಿಡಿದು ಎಳೆಯಬಾರದು. ತಳವನ್ನು ಬೆರಳಿನಿಂದ ಒತ್ತಿ ಗಾಳಿ ಬಿಟ್ಟ ಮೇಲೆ ನಿಧಾನಕ್ಕೆ ಈಚೆ ತರಬೇಕು. ಚೆಲ್ಲಿ, ತೊಳೆದು, ಮತ್ತೆ ಹಾಕಿಕೊಳ್ಳುವುದು. ಮುಟ್ಟು ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಐದಾರು ನಿಮಿಷ ಹಾಕಿ, ಒಣಗಿಸಿ, ಬಟ್ಟೆ ಚೀಲದಲ್ಲಿ ಇಡುವುದು. ಜೋಪಾನ ಮಾಡಿದರೆ ವರ್ಷಗಟ್ಟಲೆ ಬರುತ್ತೆ. ಹತ್ತು ವರ್ಷದವರೆಗೂ ಅಂತ ಕಂಪನಿಗಳು ಹೇಳುತ್ತವೆ.

ಇದು ಹೊಸ ವಸ್ತು ಅಂದುಕೊಂಡಿದ್ದವರು ನಮ್ಮಲ್ಲಿ ತುಂಬಾ ಜನ. ಅಲ್ಲ. ಲಿಯೋನಾ ಚಾಮರ್ಸ್ ಅನ್ನೋ ಅಮೆರಿಕದ ನಟಿ 1937ರಲ್ಲೇ ರಬ್ಬರ್ ಕಪ್‌ಗೆ ಪೇಟೆಂಟ್ ತೆಗೆದುಕೊಂಡಿದ್ದಳು. ಎರಡನೇ ಮಹಾಯುದ್ಧ ಬಂತು, ರಬ್ಬರ್‌ಗೆ ಬರ ಬಂತು, ಕಪ್ ತಯಾರಿಕೆ ನಿಂತಿತು. ಆಮೇಲೆ ಬಳಸಿ ಬಿಸಾಕುವ ಪ್ಯಾಡುಗಳು ಅಂಗಡಿ ತುಂಬಿಕೊಂಡವು. ತಿಂಗಳು ತಿಂಗಳು ಮಾರಬಹುದಾದ ವಸ್ತು ಬಿಟ್ಟು, ಹತ್ತು ವರ್ಷಕ್ಕೊಮ್ಮೆ ಮಾರುವ ವಸ್ತುವಿಗೆ ಯಾವ ಕಂಪನಿ ಟಿವಿಯಲ್ಲಿ ಜಾಹೀರಾತು ಕೊಡುತ್ತೆ ಹೇಳಿ?

ಬಳಸಿದ ಅನುಭವ. ಮೊದಲ ಸಲ ಕಷ್ಟ. ಸುಳ್ಳು ಹೇಳೋಕೆ ಹೋಗಲ್ಲ. ಮಡಚಿದ ಕಪ್ ಬೆರಳಿನಿಂದ ಜಾರುತ್ತೆ, ಮೈ ಬಿಗಿ ಹಿಡಿಯುತ್ತೆ, ಬಾಗಿಲ ಹೊರಗೆ ಯಾರೋ ಬಕೆಟ್ ಕುಟ್ಟುತ್ತಾ "ಇನ್ನೂ ಆಗ್ಲಿಲ್ವೇನೇ" ಅನ್ನುತ್ತಿರುತ್ತಾರೆ. ಕೂತುಕೊಂಡು, ಉಸಿರು ಬಿಟ್ಟು, ಅವಸರ ಮಾಡದೆ ಹಾಕಿದರೆ ಹೋಗುತ್ತೆ. ಸರಿಯಾಗಿ ಕೂತರೆ ಒಳಗೆ ಏನೋ ಇದೆ ಅನ್ನೋದೇ ಗೊತ್ತಾಗಲ್ಲ. ಗೊತ್ತಾಗುತ್ತಿದ್ದರೆ ಸರಿಯಾಗಿ ಕೂತಿಲ್ಲ ಅಂತ. ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತೆ. ಆಮೇಲೆ ಸುಖ ಅಂದರೆ ಸುಖ. ರಾತ್ರಿ ಮಗ್ಗುಲು ಬದಲಿಸುವಾಗ ಭಯ ಇಲ್ಲ. ತೊಡೆ ಸಂದಿ ಉಜ್ಜಿ ಗಾಯ ಆಗಲ್ಲ. ಬೇಸಿಗೆಯಲ್ಲಿ ದಾವಣಗೆರೆ ಬಿಸಿಲಿನಲ್ಲಿ ಪ್ಯಾಡ್ ಹಾಕಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ವಾಸನೆಯೂ ಇಲ್ಲ. ರಕ್ತ ಹೊರಗಿನ ಗಾಳಿಗೆ ತಾಗುವುದೇ ಕಡಿಮೆ ಅಲ್ವಾ, ಹಾಗಾಗಿ.

ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ, ಅಲ್ಲಿವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ದೊಡ್ಡ ವಿಮರ್ಶೆ ಬಂದಿದೆ. 43 ಅಧ್ಯಯನ, ಸುಮಾರು 3,300 ಜನ. ಸೋರಿಕೆ ಪ್ಯಾಡಿಗೆ, ಟ್ಯಾಂಪೂನಿಗೆ (ಒಳಗೆ ಇಟ್ಟುಕೊಳ್ಳುವ, ರಕ್ತ ಹೀರುವ ಹತ್ತಿಯ ಸುರುಳಿ) ಸಮ ಅಥವಾ ಕಡಿಮೆ. ಬಳಸಿದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಮುಂದೆಯೂ ಬಳಸುತ್ತೇವೆ ಅಂದಿದ್ದಾರೆ. ನಮ್ಮ ಗುಂಪಿನಲ್ಲೂ ಹೆಚ್ಚುಕಮ್ಮಿ ಅದೇ ಆಯಿತು. ಮುಂದುವರಿಸಿದವರೇ ಜಾಸ್ತಿ, ಬಿಟ್ಟವರೂ ಇದ್ದಾರೆ. ಬಿಟ್ಟವರ ಕಥೆ ಆಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಜಾಹೀರಾತಿನಲ್ಲಿ ಇರೋದೇ ಇಲ್ಲ. ಕೆಲವು ಕಪ್‌ಗಳ ಒಳಮೈಯಲ್ಲಿ ಗೆರೆಗಳಿರುತ್ತವೆ, 5 ಮಿಲಿ, 10 ಮಿಲಿ, 15 ಮಿಲಿ ಅಂತ. ಒಂದು ಮುಟ್ಟಿಗೆ ಒಟ್ಟು ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿ. ಅಷ್ಟೇನಾ ಅಂತ ನಮಗೆಲ್ಲ ಆಶ್ಚರ್ಯ. ಪ್ಯಾಡ್ ನೋಡಿ ಲೀಟರ್‌ಗಟ್ಟಲೆ ಅಂದುಕೊಂಡಿದ್ದೆವು. 80 ಮಿಲಿ ದಾಟಿದರೆ ವೈದ್ಯರು ಅದನ್ನು ಅತಿ ಸ್ರಾವ ಅನ್ನುತ್ತಾರೆ.

ನನ್ನ ರೂಮ್‌ಮೇಟ್ ರಾಣೆಬೆನ್ನೂರಿನವಳು. ಮೆಟ್ಟಿಲು ಹತ್ತಿದರೆ ಏದುಸಿರು, ಕ್ಲಾಸಿನಲ್ಲಿ ತೂಕಡಿಕೆ. ಒಬ್ಬ ಡಾಕ್ಟರ್ ಹತ್ತಿರ ಹೋಗಿ "ತುಂಬಾ ಹೋಗುತ್ತೆ ಮೇಡಮ್" ಅಂದಿದ್ದಳು. "ಈ ವಯಸ್ಸಿನಲ್ಲಿ ಎಲ್ಲರಿಗೂ ಹಂಗೇ ಕಣಮ್ಮ, ಬೆಲ್ಲ ತಿನ್ನು" ಅಂತ ಕಳಿಸಿದ್ದರು. ಕಪ್ ಬಳಸೋಕೆ ಶುರು ಮಾಡಿದ ಮೇಲೆ ಅವಳು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಟ್ಟಳು. ಬೆಳಿಗ್ಗೆ 20, ಮಧ್ಯಾಹ್ನ 15, ಸಂಜೆ 20, ಹೀಗೆ. ಕೂಡಿಸಿದರೆ ನೂರು ಯಾವಾಗಲೋ ದಾಟಿತ್ತು. ಅದೇ ಪುಟ ಹಿಡಿದುಕೊಂಡು ಅದೇ ಡಾಕ್ಟರ್ ಹತ್ತಿರ ಹೋದಳು. ಈ ಸಲ ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8 ಚಿಲ್ಲರೆ ಬಂತು. ಹೆಂಗಸರಿಗೆ 12 ಇರಬೇಕು. ಈಗ ಕಬ್ಬಿಣದ ಮಾತ್ರೆ ನಡೆಯುತ್ತಿದೆ, ಸ್ಕ್ಯಾನಿಂಗ್ ಕೂಡ ಆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಹೆಣ್ಣಿನ ಬಾಯಿ ಮಾತನ್ನು ನಂಬದ ಡಾಕ್ಟರ್ ಮಿಲಿಲೀಟರನ್ನು ನಂಬುತ್ತಾರೆ. ನನಗೆ ಇದರಿಂದ ಸಿಟ್ಟೂ ಬಂತು, ಕಪ್ ಮೇಲೆ ಪ್ರೀತಿಯೂ ಬಂತು.

ಇನ್ನು ಹಾಸ್ಟೆಲ್. ಕಪ್ ಬಳಸಲು ಮೂರು ಬೇಕು: ಕಕ್ಕಸಿನ ಒಳಗೇ ನೀರು, ಚಿಲಕ ಬೀಳುವ ಬಾಗಿಲು, ನೀರು ಕುದಿಸೋಕೆ ಒಂದು ಒಲೆ. ಪೊಟ್ಟಣದ ಮೇಲೆ ಇದನ್ನು ಯಾರೂ ಬರೆಯಲ್ಲ. ಬರೆಯುವವರ ಮನೆಯಲ್ಲಿ ಈ ಮೂರೂ ಇರುತ್ತೆ ಅಂತ ಕಾಣುತ್ತೆ.

ನಮ್ಮ ಮಹಡಿಯಲ್ಲಿ ಕಕ್ಕಸಿನ ಸಾಲು ಒಂದು ಕಡೆ, ಕೈತೊಳೆಯುವ ಬೇಸಿನ್ ಇನ್ನೊಂದು ಕಡೆ. ನಡುವೆ ಓಣಿ. ಒಳಗಿನ ನಲ್ಲಿಗಳಲ್ಲಿ ಒಂದೆರಡು ಮಾತ್ರ ಬರುತ್ತವೆ, ಅದೂ ಬೆಳಿಗ್ಗೆ. ಹಾಗಾಗಿ ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡೇ ಹೋಗಬೇಕು. ಕೈಯೆಲ್ಲ ರಕ್ತ ಆದಾಗ ಮಗ್ ಹಿಡಿಯೋದು ಯಾವ ಕೈಯಲ್ಲಿ? ಕಪ್ ಇಡೋದು ಎಲ್ಲಿ? ಗೋಡೆಗೆ ಒಂದು ಹಲಗೆ ಇಲ್ಲ, ಮೊಳೆ ಇಲ್ಲ. ಮೂರನೇ ಬಾಗಿಲಿನ ಚಿಲಕ ಬೀಳಲ್ಲ, ಒಂದು ಕಾಲಿನಲ್ಲಿ ಬಾಗಿಲು ಒತ್ತಿ ಹಿಡಿಯಬೇಕು. ಇಷ್ಟು ಕಸರತ್ತಿನಲ್ಲಿ ಒಬ್ಬಳ ಕಪ್ ಕೈಜಾರಿ ನೇರ ಕಮೋಡಿಗೆ ಬಿತ್ತು. ನಾನೂರು ರೂಪಾಯಿ. ಅವಳು ಅವತ್ತೇ ಕಪ್‌ಗೆ ಕೈ ಮುಗಿದಳು. ಅವಳನ್ನು ದೂರೋದು ಹೇಗೆ? ಆ ಹಲಗೆ ಇದ್ದಿದ್ದರೆ ಅವಳ ರಿವ್ಯೂ ಬೇರೆ ಇರುತ್ತಿತ್ತು.

ಕುದಿಸೋ ಕಥೆ ಇನ್ನೂ ಸ್ವಾರಸ್ಯ. ರೂಮಿನಲ್ಲಿ ಕೆಟಲ್ ಇಡುವಂತಿಲ್ಲ, ಇಂಡಕ್ಷನ್ ಒಲೆಯಂತೂ ದೂರದ ಮಾತು. ಉಳಿದಿದ್ದು ಮೆಸ್ಸಿನ ಅಡುಗೆಮನೆ. ನಮ್ಮ ಅಡುಗೆ ಅಕ್ಕ ತುಂಬಾ ಒಳ್ಳೆಯವರು. ತಡವಾಗಿ ಬಂದವರಿಗೆ ರೊಟ್ಟಿ ಮುಚ್ಚಿಟ್ಟಿರುತ್ತಾರೆ. ನಾನೇ ಒಂದು ಸ್ಟೀಲ್ ಲೋಟ ಕೊಂಡು, ಅದನ್ನೇ ತೆಗೆದುಕೊಂಡು ಹೋಗಿ, "ಅಕ್ಕಾ, ಹತ್ತು ನಿಮಿಷ ಒಲೆ ಕೊಡ್ತೀರಾ, ಇದನ್ನ ಕುದಿಸ್ಬೇಕಿತ್ತು" ಅಂದೆ. ಏನದು ಅಂದರು. ಹೇಳಿದೆ. ಅವರ ಮುಖ ನೋಡಬೇಕಿತ್ತು.

"ಅಯ್ಯೋ ಬ್ಯಾಡವ್ವಾ. ಅನ್ನ ಬೇಯಿಸೋ ಜಾಗ ಇದು."

"ಲೋಟ ನಂದೇ ಅಕ್ಕ. ತೊಳ್ದೂ ಆಗಿದೆ."

"ಲೋಟ ನಿಂದು, ಒಲೆ ಎಲ್ಲರ್ದು ಅಲ್ಲೇನು? ನಂಗೇನಿಲ್ಲವ್ವಾ, ನಾಳೆ ಯಾರಾದ್ರೂ ಹೇಳಿದ್ರೆ ನನ್ನ ಕೆಲಸ ಹೋಗ್ತೈತಿ."

ಅವರ ಮಾತಿನಲ್ಲಿ ಎರಡಿತ್ತು. ಮೊದಲನೆಯದು ಮೈಲಿಗೆ, ಎರಡನೆಯದು ಹೊಟ್ಟೆಪಾಡು. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಮೊದಲನೆಯದಕ್ಕೆ ಉತ್ತರ ಅಲ್ಲೇ ಗೋಡೆ ಮೇಲಿತ್ತು. ನಮ್ಮ ಊಟದ ಹಾಲಿನಲ್ಲಿ ಬಸವಣ್ಣನವರ ದೊಡ್ಡ ಫೋಟೋ ಇದೆ. ಬಸವ ಜಯಂತಿಗೆ ಹೂವಿನ ಹಾರ ಹಾಕುತ್ತೇವೆ. ಐದು ಸೂತಕ ಬೇಡ ಅಂದವರು ಹನ್ನೆರಡನೇ ಶತಮಾನದ ಶರಣರು. ಹುಟ್ಟು, ಸಾವು, ಜಾತಿ, ಎಂಜಲು, ಮುಟ್ಟು, ಈ ಐದೂ ಸೂತಕ ಅಲ್ಲ ಅಂದರು. ಎಂಟುನೂರು ಚಿಲ್ಲರೆ ವರ್ಷ ಆಯಿತು. ಫೋಟೋದಿಂದ ಒಲೆಗೆ ಇಪ್ಪತ್ತು ಹೆಜ್ಜೆ ಇರಬಹುದು, ಅಷ್ಟು ದೂರ ಬರೋಕೆ ಆ ಮಾತಿಗೆ ಇನ್ನೂ ಆಗಿಲ್ಲ. ಸದ್ಯಕ್ಕೆ ಹೊರಗೆ ಟೀ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಕುದಿ ನೀರು ತಂದು, ಮುಚ್ಚಳವಿರುವ ಲೋಟದಲ್ಲಿ ಕಪ್ ಹಾಕಿ ಅದರ ಮೇಲೆ ಸುರಿಯುತ್ತೇವೆ. ಒಲೆ ಮೇಲೆ ಕುದಿಸಿದಷ್ಟು ಇದು ಆಗಲ್ಲ. ಊರಿಗೆ ಹೋದಾಗ ಸರಿಯಾಗಿ ಕುದಿಸಿಕೊಂಡು ಬರುತ್ತೇವೆ.

ಊರು ಅಂದೆನಲ್ಲ. ರಜೆಗೆ ಹೋದಾಗ ಕಪ್ಪನ್ನು ಅಜ್ಜಿಗೆ ತೋರಿಸಿದೆ. ಅಜ್ಜಿ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ಒಂದೇ ಪ್ರಶ್ನೆ ಕೇಳಿದರು: "ನೀರೆಷ್ಟು ಬೇಕು?" ನಮ್ಮ ಗುಂಪಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹೊಸದುರ್ಗದ ಕಡೆ ನೀರು ಅಂದರೆ ಬೋರ್‌ವೆಲ್, ಕರೆಂಟ್ ಇದ್ದಾಗ ತುಂಬಿಟ್ಟರೆ ಉಂಟು. ಅಜ್ಜಿಯ ಕಾಲದಲ್ಲಿ ಹಳೆ ಸೀರೆ ಹರಿದ ಬಟ್ಟೆ. ಒಗೆಯೋಕೆ ಬಿಂದಿಗೆಗಟ್ಟಲೆ ನೀರು ಬೇಕು, ಹೊತ್ತು ತರಬೇಕು. ಒಗೆದದ್ದನ್ನು ಬಿಸಿಲಿಗೆ ಹಾಕುವಂತಿಲ್ಲ, ಗಂಡಸರ ಕಣ್ಣಿಗೆ ಬೀಳುತ್ತೆ. ಕೊಟ್ಟಿಗೆಯ ಕತ್ತಲೆ ಮೂಲೆಯಲ್ಲಿ ಬೇರೆ ಬಟ್ಟೆಯ ಕೆಳಗೆ ಒಣಗಬೇಕು. ಮಳೆಗಾಲದಲ್ಲಿ ಒಣಗುತ್ತಲೇ ಇರಲಿಲ್ಲವಂತೆ, ಹಸಿಯದನ್ನೇ ಕಟ್ಟಿಕೊಳ್ಳುತ್ತಿದ್ದರಂತೆ. "ಒಂದು ಚೊಂಬು ಸಾಕು ಅಜ್ಜಿ" ಅಂದೆ. "ಹಂಗಾರೆ ಬೇಷಾತು ಬಿಡು" ಅಂದರು. ಅಜ್ಜಿಯ ರಿವ್ಯೂ ಮುಗಿಯಿತು. ಐದಕ್ಕೆ ಐದು.

ಅಮ್ಮನದು ಬೇರೆ ಚಿಂತೆ. "ಮದ್ವೆ ಆಗೋ ಹುಡುಗಿ, ಏನಾದ್ರೂ ಆದ್ರೆ?" ಏನಾದರೂ ಅಂದರೆ ಏನು ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಕನ್ಯತ್ವವನ್ನು ಪರೀಕ್ಷೆಯಿಂದ ತಿಳಿಯೋಕೆ ಸಾಧ್ಯವೇ ಇಲ್ಲ, ಅಂಥ ಪರೀಕ್ಷೆಯನ್ನೇ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಕನ್ಯಾಪೊರೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತೆ. ಇದನ್ನೆಲ್ಲ ಹೇಳಿದೆ. ಅಮ್ಮನಿಗೆ ವಿಶ್ವ ಆರೋಗ್ಯ ಸಂಸ್ಥೆ ಸಾಲದು, ಊರಿನ ಆಶಾ ಕಾರ್ಯಕರ್ತೆ ಹೇಳಬೇಕು. ಅವರನ್ನು ಕೇಳಿದರೆ, "ನಾನೇ ಇನ್ನೂ ಕಣ್ಣಲ್ಲಿ ನೋಡಿಲ್ಲ, ಕೊಡು ಇಲ್ಲಿ" ಅಂತ ಇಸಿದುಕೊಂಡರು. ಆಮೇಲೆ ಅಮ್ಮನೂ ಅವರೂ ಅರ್ಧ ಗಂಟೆ ನಕ್ಕರು. ಏನು ಮಾತಾಡಿದರೋ, ನನ್ನನ್ನು ಹೊರಗೆ ಕಳಿಸಿದ್ದರು.

ಈಗ ನನಗೆ ತಲೆ ತಿನ್ನುತ್ತಿರುವ ವಿಷಯ. ನಮ್ಮ ಗುಂಪಿನಲ್ಲಿ ಗೊಲ್ಲರಹಟ್ಟಿಯಿಂದ ಬಂದವಳು ಒಬ್ಬಳಿದ್ದಾಳೆ. ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ಎಷ್ಟೋ ಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕು ಅನ್ನೋ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು, ಆಗ ಪತ್ರಿಕೆಗಳಲ್ಲೆಲ್ಲ ಬಂತು. ಹೊರಗಿರುವವರಿಗೆ ಒಂದು ಸೂರಾದರೂ ಇರಲಿ ಅಂತ ಸರ್ಕಾರ ಕೃಷ್ಣ ಕುಟೀರಗಳನ್ನು ಕಟ್ಟಿಸಿದೆ. ಅದು ಹೆಂಗಸರಿಗೆ ಆಸರೆಯೋ, ಪದ್ಧತಿಗೆ ಆಸರೆಯೋ ಅನ್ನೋ ಜಗಳ ನಮ್ಮ ಶನಿವಾರಗಳಲ್ಲಿ ಮುಗಿದಿಲ್ಲ. ಹಟ್ಟಿಯವರನ್ನು ಮಾತ್ರ ಬೊಟ್ಟು ಮಾಡಿ ತೋರಿಸೋದು ನನಗೆ ಹಿಡಿಸಲ್ಲ. ನಮ್ಮನೆಯಲ್ಲಿ ಪಡಸಾಲೆ ಮೂಲೆಯ ಚಾಪೆ, ಬೇರೆ ತಟ್ಟೆ, ದೇವರ ಕೋಣೆಯ ಮುಚ್ಚಿದ ಬಾಗಿಲು, ಇವೆಲ್ಲ ನಾನು ಪಿಯುಸಿಗೆ ಬರುವವರೆಗೂ ಇತ್ತು. ಅದು ಪತ್ರಿಕೆಯಲ್ಲಿ ಬರಲಿಲ್ಲ, ಅಷ್ಟೇ.

ಅವಳು ಕಪ್ ಬಗ್ಗೆ ಹೇಳಿದ ಮಾತು ಇದು: "ಊರಿಗೆ ಹೋದಾಗ ಈಗ ನಾನು ಒಳಗೇ ಇರ್ತೀನಿ. ಬಟ್ಟೆ ಒಣಹಾಕಂಗಿಲ್ಲ, ಪ್ಯಾಡಿನ ಪ್ಯಾಕೆಟ್ ಇಲ್ಲ, ಹೂಳಕ್ಕೆ ಹೋಗಂಗಿಲ್ಲ. ಯಾರಿಗೆ ಗೊತ್ತಾಗ್ತದೆ?" ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವಳು ತಟ್ಟಲಿಲ್ಲ. "ನಮ್ಮ ಅತ್ತಿಗೆಗೆ ಕಪ್ ಇಲ್ಲ, ಅವ್ರು ಹೊರಗೇ ಅದಾರೆ" ಅಂದಳು.

ಇದೇ ಮಾತನ್ನು ಇನ್ನೊಂದು ಕಡೆಯಿಂದ ಕೇಳಿದೆ. ದೊಡ್ಡಪ್ಪನ ಮಗಳು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಹೊಲಿಗೆ ಲೈನಿನಲ್ಲಿ ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್. ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಅದಕ್ಕೇ ಆ ಲೈನಿನ ಹೆಂಗಸರು ನೀರು ಕುಡಿಯೋದೇ ಕಡಿಮೆ. ಅಕ್ಕನಿಗೆ ಕಪ್ ಕೊಡಿಸಿದೆ. ಬೆಳಿಗ್ಗೆ ಮನೆಯಲ್ಲಿ ಹಾಕಿಕೊಂಡರೆ ಸಂಜೆ ಮನೆಗೆ ಬಂದ ಮೇಲೆ ತೆಗೆದರಾಯಿತು. ಅವಳಿಗೆ ಖುಷಿಯೋ ಖುಷಿ. ಫೋನಿನಲ್ಲಿ, "ಈಗ ಅಲ್ಲಿಯ ಟಾಯ್ಲೆಟ್ ಮುಖ ನೋಡೋದೇ ಬೇಡ ಕಣೇ" ಅಂದಳು. ನನಗೂ ಖುಷಿಯಾಯಿತು. ಫೋನ್ ಇಟ್ಟ ಮೇಲೆ ಕಸಿವಿಸಿ ಶುರುವಾಯಿತು. ಕೆಲಸದ ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೋಗುವಂಥ, ಹೆಂಗಸರಿಗೇ ಪ್ರತ್ಯೇಕವಾದ ಶೌಚಾಲಯ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಕ್ಕನ ಕಪ್‌ನಿಂದ ಅವಳಿಗೆ ಆರಾಮ. ಮಾಲೀಕನಿಗೂ ಆರಾಮ. ಅವನು ಒಂದು ಪೈಸೆ ಬಿಚ್ಚಲಿಲ್ಲ, ಒಂದು ನಿಮಿಷ ಬಿಡಲಿಲ್ಲ. ಖರ್ಚು ಮಾಡಿದ್ದು ನಾನು, ಅಭ್ಯಾಸ ಮಾಡಿಕೊಂಡಿದ್ದು ಅಕ್ಕ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್ ಕೂಡ ಅದರಲ್ಲಿ ಸೇರಿದೆ. ಅಕ್ಕನಿಗೆ ಹೇಳಿದೆ. "ರಜೆ ಹಾಕಿದ್ರೆ ನನ್ನ ಟಾರ್ಗೆಟ್ ಪಕ್ಕದೋಳ ತಲೆ ಮೇಲೆ ಬೀಳುತ್ತೆ, ಅವಳು ಸುಮ್ನೆ ಬಿಡ್ತಾಳಾ?" ಅಂದಳು.

ಅಲ್ಲಿಗೆ ನನ್ನ ಆ ಒಂದು ಸ್ಟಾರ್ ಹೋಯಿತು ನೋಡಿ. ಕಪ್ ಒಬ್ಬೊಬ್ಬಳನ್ನೇ ಬಚಾವ್ ಮಾಡುತ್ತೆ. ಬಚಾವಾದವಳು ಜಗಳಕ್ಕೆ ಬರೋದು ಕಷ್ಟ.

ಕಸದ ವಿಷಯದಲ್ಲಿ ಮಾತ್ರ ಇಂಥ ಗೊಂದಲ ಇಲ್ಲ. ಅಲ್ಲಿ ಕಪ್ ಪೂರ್ತಿ ಮಾರ್ಕ್ಸ್ ತೆಗೆದುಕೊಳ್ಳುತ್ತೆ. ನಮ್ಮ ಹಾಸ್ಟೆಲ್ಲಿನಲ್ಲಿ ಪ್ಯಾಡ್ ಸುಡುವ ಮಷೀನ್ ಇದೆ. ಪ್ಲಗ್ ಇಲ್ಲ. ಅದರ ಮೇಲೆ ಪೊರಕೆ ಇಡುತ್ತಾರೆ. ಪ್ಯಾಡ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಸದ ಡಬ್ಬಿಗೆ, ಅಲ್ಲಿಂದ ಗಾಡಿಗೆ. ಗಾಡಿಯಲ್ಲಿ ಅದನ್ನು ಬೇರೆ ಮಾಡೋದು ಯಾರು? ಪೌರಕಾರ್ಮಿಕರು, ಹೆಚ್ಚಿನವರು ದಲಿತ ಹೆಂಗಸರು, ಎಷ್ಟೋ ಸಲ ಬರಿಗೈಯಲ್ಲಿ. ಪ್ಯಾಡ್ ಸುತ್ತೋಕೆ ಕವರನ್ನು ತಯಾರಿಸುವ ಕಂಪನಿಯೇ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತು. ಬೆಂಗಳೂರಿನಲ್ಲಿ ಎರಡು ಬಕೆಟ್ ಒಂದು ಚೀಲ ಅನ್ನೋ ಪದ್ಧತಿಯಲ್ಲಿ ಪ್ಯಾಡ್, ಡೈಪರ್‌ಗೆ ಅಂತಲೇ ಕೆಂಪು ಬಕೆಟ್ ಇದೆ. ನಮ್ಮ ಡಬ್ಬಿಗೆ ಬಣ್ಣವೇ ಇಲ್ಲ. ನಮ್ಮ ಮೈಲಿಗೆಯನ್ನು ನಾವು ಬಿಟ್ಟೆವು ಅಂತ ಭಾಷಣ ಮಾಡಿ, ಅದನ್ನು ಇನ್ನೊಬ್ಬಳ ಕೈಗೆ ದಾಟಿಸೋದು ಯಾವ ಸೀಮೆಯ ಸ್ತ್ರೀವಾದ? ಕಪ್ ಬಳಸುವವಳು ತನ್ನ ರಕ್ತವನ್ನು ತಾನೇ ತೊಳೆಯುತ್ತಾಳೆ. ಇದೊಂದೇ ಕಾರಣಕ್ಕೂ ಕೊಳ್ಳಬಹುದು.

ಕೇರಳದವರು ಕಪ್ ಹಿಡಿದದ್ದೇ ಈ ದಾರಿಯಲ್ಲಿ. 2018ರ ಪ್ರವಾಹದಲ್ಲಿ ನಿರಾಶ್ರಿತರ ಶಿಬಿರಗಳಲ್ಲಿ ಬಳಸಿದ ಪ್ಯಾಡ್ ಎಲ್ಲಿ ಹಾಕೋದು ಅನ್ನೋದೇ ದೊಡ್ಡ ತಲೆನೋವಾಗಿತ್ತು. ಮರುವರ್ಷ ಆಲಪ್ಪುಳದಲ್ಲಿ ತಿಂಗಳ್ ಅನ್ನೋ ಯೋಜನೆಯಲ್ಲಿ 5,000 ಕಪ್ ಹಂಚಿದರು. 2022ರಲ್ಲಿ ಎರ್ನಾಕುಲಂ ಜಿಲ್ಲೆಯ ಕುಂಬಳಂಗಿ ಪ್ಯಾಡ್ ಮುಕ್ತ ಪಂಚಾಯಿತಿ ಅಂತ ಘೋಷಣೆಯಾಯಿತು. ನಮ್ಮಲ್ಲೂ ಶುಚಿ ಯೋಜನೆ 2013ರ ಸುಮಾರಿನಿಂದ ಶಾಲೆ ಹುಡುಗಿಯರಿಗೆ ಪ್ಯಾಡ್ ಕೊಡುತ್ತಿತ್ತು, ನಡುವೆ ಕೆಲವು ವರ್ಷ ನಿಂತೂ ಹೋಗಿತ್ತು. 2023ರಲ್ಲಿ ಶುಚಿ ನನ್ನ ಮೈತ್ರಿ ಅಂತ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಕಪ್ ಕೊಡೋಕೆ ಶುರುವಾಯಿತು. ಒಳ್ಳೆಯದೇ. ಹಂಚುವವರು ಜತೆಗೆ ಆ ಶಾಲೆಗಳ ಕಕ್ಕಸಿನ ನಲ್ಲಿ ತಿರುಗಿಸಿ ನೋಡಲಿ.

ಬೆಲೆ ಲೆಕ್ಕ, ಹುಡುಗರು ಹಾಕಿದ್ದು. ನಾನು ಪ್ಯಾಡ್‌ಗೆ ತಿಂಗಳಿಗೆ ನೂರರ ಹತ್ತಿರ ಖರ್ಚು ಮಾಡುತ್ತಿದ್ದೆ. ನಾನೂರರ ಕಪ್ ನಾಲ್ಕೈದು ತಿಂಗಳಲ್ಲಿ ದುಡ್ಡು ವಾಪಸ್ ಕೊಡುತ್ತೆ, ಆಮೇಲೆ ಎಲ್ಲ ಲಾಭ. ಆದರೆ ಒಂದೇ ಸಲ ನಾನೂರು ತೆಗೆಯೋದು ಎಲ್ಲರಿಂದಲೂ ಆಗಲ್ಲ. ನಾವು ಚಂದಾ ಹಾಕಿ ಕಂತಿನಲ್ಲಿ ಕೊಂಡೆವು. ಜನೌಷಧಿ ಕೇಂದ್ರದ ಸುವಿಧಾ ಪ್ಯಾಡ್ 2019ರಿಂದ ಒಂದಕ್ಕೆ ಒಂದು ರೂಪಾಯಿ. ಅದರ ಮುಂದೆ ಲೆಕ್ಕ ಇಷ್ಟು ಜೋರಾಗಿ ಗೆಲ್ಲಲ್ಲ ಅಂತ ಹುಡುಗರೇ ಚೀಟಿಯ ಕೆಳಗೆ ಬರೆದಿದ್ದರು.

ಬಿಟ್ಟವರ ವಿಷಯ. ಒಬ್ಬಳ ಕಪ್ ಕಮೋಡಿಗೆ ಹೋಯಿತು ಅಂದೆನಲ್ಲ. ಇನ್ನೊಬ್ಬಳಿಗೆ ಒಳಗೆ ಬೆರಳು ಹಾಕೋದೇ ಆಗಲಿಲ್ಲ, ಮೈ ಒಪ್ಪಲಿಲ್ಲ. ಅವಳಿಗೆ ಗುಂಪಿನಲ್ಲಿ ಕೆಲವರು "ಇನ್ನೊಂದ್ಸಲ ಟ್ರೈ ಮಾಡೇ" ಅಂತ ಗಂಟು ಬಿದ್ದಿದ್ದರು. ನನಗೆ ಅದು ಸರಿ ಕಾಣಲಿಲ್ಲ. ಅವಳ ಮೈ, ಅವಳಿಷ್ಟ. ಇದನ್ನೇ ಅಲ್ವಾ ನಾವು ಶನಿವಾರ ಶನಿವಾರ ಓದೋದು? ಮೂರನೆಯವಳಿಗೆ ಹೆರಿಗೆಯಾಗಿ, ಮತ್ತೆ ಗರ್ಭ ನಿಲ್ಲದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿದ್ದಾರೆ. ಕಪ್ ತೆಗೆಯುವಾಗ ಅದರ ದಾರ ಜಗ್ಗಿ ಜಾರುವ ಸಂಭವ ಇರುತ್ತೆ, ಹಾಗಾಗಿ ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು. ಅವಳು ಕೇಳಿದಳು, ಬೇಡ ಅಂದರಂತೆ.

ವಾರ್ಡನ್ ಮೇಡಮ್‌ಗೆ ನಾವು ಒಂದು ಅರ್ಜಿ ಕೊಟ್ಟಿದ್ದೇವೆ. ಪ್ರತಿ ಕಕ್ಕಸಿನ ಒಳಗೆ ನಲ್ಲಿ, ಒಂದು ಹಲಗೆ, ಚಿಲಕ, ಮತ್ತೆ ಮಹಡಿಗೊಂದು ಇಂಡಕ್ಷನ್ ಒಲೆ. ಕಪ್ ಬಳಸುವವರಿಗೆ ಅಂತ ಬರೆಯಲಿಲ್ಲ, ಪ್ಯಾಡ್ ಬಳಸುವವರಿಗೂ ನೀರು, ಚಿಲಕ ಬೇಕು ತಾನೇ. ಹಟ್ಟಿಯವಳದ್ದೇ ಈ ಐಡಿಯಾ. ಸಹಿ ಹಾಕಿದವರಲ್ಲಿ ಕಪ್ ಮುಟ್ಟದವರೇ ಜಾಸ್ತಿ. ಅಡುಗೆ ಅಕ್ಕ ಸಹಿ ಹಾಕಲಿಲ್ಲ, ಆದರೆ ನೌಕರರ ಕಕ್ಕಸಿಗೂ ಚಿಲಕ ಇಲ್ಲ, ಅದನ್ನೂ ಸೇರಿಸ್ರವ್ವಾ ಅಂದರು. ಸೇರಿಸಿದೆವು. ಈವರೆಗೆ ಎರಡು ನಲ್ಲಿ ರಿಪೇರಿ ಆಗಿದೆ. ಒಲೆಯ ವಿಷಯ ಮೀಟಿಂಗಿನಲ್ಲಿ ಇಡುತ್ತಾರಂತೆ.

ಕೊಳ್ಳುವವರಿಗೆ ಕೊನೆಯದಾಗಿ ಒಂದಿಷ್ಟು. ಹೆರಿಗೆ ಆಗದವರು ಸಾಮಾನ್ಯವಾಗಿ ಸಣ್ಣ ಸೈಜಿನಿಂದ ಶುರು ಮಾಡಬಹುದು. ಒಳಗೆ ಗೆರೆ ಇರುವ ಕಪ್ಪನ್ನೇ ಕೇಳಿ, ನನ್ನ ರೂಮ್‌ಮೇಟ್ ಕಥೆ ನೆನಪಿರಲಿ. ವಾಸನೆಯ ಸೋಪು ಬೇಡ, ಬರೀ ನೀರು ಅಥವಾ ಮೆದು ಸೋಪು ಸಾಕು. ಉಗುರು ಕತ್ತರಿಸಿಕೊಳ್ಳಿ. ಜ್ವರ, ವಾಂತಿ, ಮೈಮೇಲೆ ಕೆಂಪು ಗಂದೆ ಬಂದರೆ ಕಪ್ ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಿ. ಬಹಳ ಅಪರೂಪ, ಆದರೂ ಗೊತ್ತಿರಲಿ. ಪರೀಕ್ಷೆ ಇರುವ ತಿಂಗಳಲ್ಲಿ ಹೊಸದಾಗಿ ಶುರು ಮಾಡಬೇಡಿ. ಮೊದಮೊದಲು ಜತೆಗೊಂದು ತೆಳು ಪ್ಯಾಡ್ ಇರಲಿ. ಕಕ್ಕಸಿಗೆ ಹೋಗುವ ಮೊದಲು ಬಕೆಟ್ ತುಂಬಿದೆಯಾ ನೋಡಿಕೊಳ್ಳಿ.